ಬಾಗಿಲಿಗೆ ಚಿಲಕ ಹಾಕಬಾರದು ಎಂದ ಕಾನೂನು

ಇತಿಹಾಸ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ನಾಂತ್ ರಾಜಾಜ್ಞೆಯ ಬಗ್ಗೆ ಚಿಕ್ಕದಾಗಿ ಬರೆದಿದ್ದೆ. ಕ್ಯಾಥೊಲಿಕ್ ರಾಜ್ಯದಲ್ಲಿ ಪ್ರೊಟೆಸ್ಟೆಂಟರಿಗೂ ಜಾಗ ಕೊಟ್ಟ 1598ರ ಕಾನೂನು ಅದು. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬಹಳ ವರ್ಷ ಯುರೋಪಿನ ಇತಿಹಾಸ ಪಾಠ ಮಾಡಿದವಳು ನಾನು, ಈ ವಿಷಯ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ನಾನು ಕಾಲೇಜು ವಿದ್ಯಾರ್ಥಿನಿ. ಬೇರೆ ಪಂಥದವರನ್ನು ಹಿಂಸಿಸಬಾರದು ಎಂದು ಯುರೋಪಿನಲ್ಲಿ ಮೊದಲು ಬಂದ ಕಾನೂನು ನಾಂತ್ ರಾಜಾಜ್ಞೆಯೇನಾ?

ಉತ್ತರ: ಅಲ್ಲಮ್ಮ, ಅದಕ್ಕಿಂತ ಮುಂಚಿನವು ಇವೆ. 1555ರಲ್ಲಿ ಆಗ್ಸ್‌ಬರ್ಗ್ ಒಪ್ಪಂದ ಆಯಿತು. ಜರ್ಮನ್ ನಾಡುಗಳಲ್ಲಿ ಆಯಾ ದೊರೆ ಕ್ಯಾಥೊಲಿಕ್ ಆದರೆ ಪ್ರಜೆಗಳೂ ಕ್ಯಾಥೊಲಿಕ್, ದೊರೆ ಲೂಥರನ್ (ಮಾರ್ಟಿನ್ ಲೂಥರನ ಪ್ರೊಟೆಸ್ಟೆಂಟ್ ಪಂಥ) ಆದರೆ ಪ್ರಜೆಗಳೂ ಲೂಥರನ್. ಒಪ್ಪದವರು ಆಸ್ತಿ ಮಾರಿಕೊಂಡು ಊರು ಬಿಡಬಹುದು. ಇದನ್ನು ಸಹಿಷ್ಣುತೆ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಆದರೂ ಸುಡುವುದಕ್ಕಿಂತ ಹೋಗಗೊಡುವುದು ಮೇಲು, ಅಲ್ವಾ? ಇನ್ನೊಂದು ಪ್ರೊಟೆಸ್ಟೆಂಟ್ ಪಂಥವಾದ ಕ್ಯಾಲ್ವಿನ್ ಪಂಥದವರಿಗೆ ಈ ಲೆಕ್ಕದಲ್ಲಿ ಜಾಗ ಸಿಕ್ಕಿದ್ದು 1648ರ ವೆಸ್ಟ್‌ಫಾಲಿಯ ಒಪ್ಪಂದದಲ್ಲಿ.

ನಿಜವಾಗಿ ಹೊಸ ಮಾತು ಕೇಳಿಸಿದ್ದು 1568ರ ಜನವರಿಯಲ್ಲಿ, ಟ್ರಾನ್ಸಿಲ್ವೇನಿಯದ ತೋರ್ದಾ ಪಟ್ಟಣದಲ್ಲಿ. ಇವತ್ತು ಅದು ರುಮೇನಿಯದಲ್ಲಿದೆ. ಅಲ್ಲಿನ ರಾಜ್ಯಸಭೆ ಹೇಳಿದ್ದು ಇಷ್ಟು. ಬೋಧಕರು ತಮಗೆ ತಿಳಿದ ಹಾಗೆ ಬೋಧಿಸಲಿ. ಜನಕ್ಕೆ ಹಿಡಿಸಿದರೆ ಸರಿ. ಹಿಡಿಸದಿದ್ದರೆ ಯಾರೂ ಒತ್ತಾಯ ಮಾಡಬಾರದು. ನಂಬಿಕೆ ದೇವರು ಕೊಡುವ ವರ. ಇದರ ಹಿಂದಿದ್ದ ಬೋಧಕ ಫೆರೆಂಟ್ಸ್ ದಾವಿದ್. ದೊರೆ ಜಾನ್ ಸಿಗಿಸ್ಮಂಡ್ ಅವನ ಮಾತು ಕೇಳುತ್ತಿದ್ದ. ಆದರೆ 1571ರಲ್ಲಿ ದೊರೆ ತೀರಿಕೊಂಡ. ಮರುವರ್ಷವೇ, ಮತದಲ್ಲಿ ಇನ್ನು ಹೊಸದೇನನ್ನೂ ತರಬಾರದು ಎಂದು ಇನ್ನೊಂದು ಕಾನೂನು ಬಂತು. ಅದರ ಕೆಳಗೇ ದಾವಿದ್ ಸಿಕ್ಕಿಬಿದ್ದ. 1579ರಲ್ಲಿ ದೇವಾ ಕೋಟೆಯ ಸೆರೆಯಲ್ಲಿ ಸತ್ತ. ಅಷ್ಟೇ ಅಲ್ಲ, ಅಲ್ಲಿನ ಆರ್ಥೊಡಾಕ್ಸ್ ರುಮೇನಿಯನ್ನರು ಮಾನ್ಯತೆ ಪಡೆದ ನಾಲ್ಕು ಪಂಥಗಳ ಪಟ್ಟಿಯಲ್ಲಿ ಇರಲೇ ಇಲ್ಲ.

ನನಗೆ ತುಂಬ ಇಷ್ಟವಾದದ್ದು ಮಾತ್ರ 1573ರ ಜನವರಿ 28ರ ವಾರ್ಸಾ ಒಪ್ಪಂದ. ಅದರ ಹಿನ್ನೆಲೆ ಕೇಳು. 1572ರ ಜುಲೈನಲ್ಲಿ ಪೋಲೆಂಡ್-ಲಿಥುವೇನಿಯದ ರಾಜ ಸಿಗಿಸ್ಮಂಡ್ ಅಗಸ್ಟಸ್ ತೀರಿಕೊಂಡ. ಮಕ್ಕಳಿರಲಿಲ್ಲ, ವಂಶವೇ ಮುಗಿಯಿತು. ಮುಂದಿನ ರಾಜನನ್ನು ಸರದಾರರೇ ಆರಿಸಬೇಕು. ಅವರಲ್ಲಿ ಕ್ಯಾಥೊಲಿಕ್, ಲೂಥರನ್, ಕ್ಯಾಲ್ವಿನ್ ಪಂಥ, ಆರ್ಥೊಡಾಕ್ಸ್, ಎಲ್ಲರೂ ಇದ್ದರು. ಅದೇ ಆಗಸ್ಟಿನಲ್ಲಿ ಪ್ಯಾರಿಸ್‌ನಲ್ಲಿ ಸಂತ ಬಾರ್ತಲೋಮಿಯೋ ಹಬ್ಬದ ಹತ್ಯಾಕಾಂಡ ನಡೆಯಿತು. ಪ್ರೊಟೆಸ್ಟೆಂಟರನ್ನು ಬೀದಿಬೀದಿಯಲ್ಲಿ ಕೊಂದರು. ಆ ಸುದ್ದಿ ಕಿವಿಯಲ್ಲಿರುವಾಗಲೇ ಈ ಸರದಾರರು ವಾರ್ಸಾದಲ್ಲಿ ಸೇರಿ ಬರೆದುಕೊಂಡರು: ಮತದ ವಿಷಯದಲ್ಲಿ ನಮ್ಮಲ್ಲಿ ಭೇದವಿದೆ. ಆದರೂ ಒಬ್ಬರೊಬ್ಬರ ರಕ್ತ ಹರಿಸುವುದಿಲ್ಲ. ಆಸ್ತಿ ಕಿತ್ತುಕೊಳ್ಳುವುದಿಲ್ಲ, ಸೆರೆಗೆ ಹಾಕುವುದಿಲ್ಲ, ಗಡಿಪಾರು ಮಾಡುವುದಿಲ್ಲ. ಯಾವ ಅಧಿಕಾರಿಯಾದರೂ ಹಾಗೆ ಮಾಡಲು ಹೊರಟರೆ ನಾವು ಕೈಜೋಡಿಸುವುದಿಲ್ಲ.

ಕೊನೆಯ ಆ ಮಾತನ್ನು ಇನ್ನೊಮ್ಮೆ ಓದು. ಇದು ಮೇಲಿನಿಂದ ರಾಜ ಕೊಟ್ಟ ಅಪ್ಪಣೆಯಾಗಿರಲಿಲ್ಲ. ಸಮಾನರು ತಮ್ಮತಮ್ಮಲ್ಲೇ ಕೊಟ್ಟುಕೊಂಡ ಮಾತು. ಬಿಷಪ್‌ಗಳಲ್ಲಿ ಸಹಿ ಹಾಕಿದವನು ಒಬ್ಬನೇ, ಕ್ರಾಕೋವ್‌ನ ಬಿಷಪ್ ಫ್ರಾನ್ಸಿಶೆಕ್ ಕ್ರಾಸಿನ್‌ಸ್ಕಿ.

ಆಮೇಲೆ ಅವರು ರಾಜನಾಗಿ ಆರಿಸಿದ್ದು ಫ್ರಾನ್ಸಿನ ರಾಜಕುಮಾರ ಹೆನ್ರಿಯನ್ನು. ಆಗ ಅವನು ಪ್ರೊಟೆಸ್ಟೆಂಟರ ಲಾ ರೋಶೆಲ್ ಪಟ್ಟಣಕ್ಕೆ ಮುತ್ತಿಗೆ ಹಾಕಿ ಕೂತಿದ್ದ! ಪೋಲೆಂಡಿನ ನಿಯೋಗ ಪ್ಯಾರಿಸ್‌ಗೇ ಹೋಯಿತು. ಈ ಒಪ್ಪಂದವನ್ನು ಪಾಲಿಸುತ್ತೇನೆ ಎಂದು ಪ್ರಮಾಣ ಮಾಡು ಅಂತ ಕೇಳಿತು. ಅವನು ಹಿಂದೆಮುಂದೆ ನೋಡಿದ. ‘ಪ್ರಮಾಣ ಮಾಡದಿದ್ದರೆ ನಿನಗೆ ರಾಜ್ಯವಿಲ್ಲ’ ಎಂದು ಅವನ ಮುಖಕ್ಕೇ ಹೇಳಿದ ಮಾತು ಪೋಲೆಂಡಿನಲ್ಲಿ ಇಂದಿಗೂ ಪ್ರಸಿದ್ಧ. ಕೊನೆಗೆ ನೋತ್ರ್ ದಾಮ್ ಚರ್ಚಿನಲ್ಲಿ ಪ್ರಮಾಣ ಮಾಡಿದ. ಹತ್ಯಾಕಾಂಡ ನಡೆದು ಆಗಿನ್ನೂ ಒಂದು ವರ್ಷ ಆಗಿತ್ತಷ್ಟೆ, ಅದೇ ಊರಿನಲ್ಲಿ.

ಕೊರತೆಯೂ ಇತ್ತು. ಮಾತು ಕೊಟ್ಟುಕೊಂಡವರು ಸರದಾರರು. ಅವರ ಹೊಲದಲ್ಲಿ ದುಡಿಯುತ್ತಿದ್ದ ರೈತನ ಮತ ಯಾರ ಕೈಯಲ್ಲಿ? ಒಡೆಯನಿಗೆ ರೈತರ ಮೇಲಿದ್ದ ಅಧಿಕಾರ ಹಾಗೇ ಉಳಿಯುತ್ತದೆ ಎಂದು ಆ ಕಾಗದವೇ ಹೇಳುತ್ತದೆ. 1658ರಲ್ಲಿ ಪೋಲಿಷ್ ಬ್ರೆದ್ರೆನ್ ಎಂಬ ಸಣ್ಣ ಪಂಥವನ್ನು ದೇಶದಿಂದಲೇ ಹೊರಹಾಕಿದರು.

ಪ್ರಶ್ನೆ: ಈ ರಾಜರೆಲ್ಲ ನಿಜವಾಗಿಯೂ ವಿಶಾಲ ಮನಸ್ಸಿನವರಾ? ನನಗೇನೋ ಇದೆಲ್ಲ ಸುಮ್ನೆ ರಾಜಕೀಯ ಅನಿಸುತ್ತದೆ.

ಉತ್ತರ: ಬಹುಪಾಲು ರಾಜಕೀಯವೇ. ಅದಕ್ಕಿಂತ ಜಾಸ್ತಿ ಸುಸ್ತು. ಫ್ರಾನ್ಸಿನಲ್ಲಿ 1562ರಿಂದ 1598ರವರೆಗೆ ಎಂಟು ಅಂತರ್ಯುದ್ಧ ನಡೆದವು. 1562ರ ಜನವರಿಯಲ್ಲೇ ಒಂದು ಕಾನೂನು ಬಂದಿತ್ತು, ಪ್ರೊಟೆಸ್ಟೆಂಟರು ಪಟ್ಟಣದ ಗೋಡೆಯ ಹೊರಗೆ ಪ್ರಾರ್ಥನೆ ಮಾಡಿಕೊಳ್ಳಬಹುದು ಎಂದು. ಮಾರ್ಚ್ 1ಕ್ಕೆ ವಾಸ್ಸಿ ಎಂಬ ಊರಿನಲ್ಲಿ ಕಣಜದಂಥ ಕಟ್ಟಡದಲ್ಲಿ ಸೇರಿದ್ದವರ ಮೇಲೆ ಕ್ಯಾಥೊಲಿಕ್ ಸರದಾರ ಗೀಸ್ ಡ್ಯೂಕನ ಆಳುಗಳು ಬಿದ್ದರು. ಕಾನೂನಿನ ಮಸಿ ಒಣಗುವ ಮೊದಲೇ ಯುದ್ಧ ಶುರು.

ನಾಂತ್ ರಾಜಾಜ್ಞೆ ಹೊರಡಿಸಿದ ನಾಲ್ಕನೇ ಹೆನ್ರಿ ಮೊದಲು ಪ್ರೊಟೆಸ್ಟೆಂಟ್ ಆಗಿದ್ದವನು. ದೇಶ ಒಪ್ಪಲಿ ಎಂದು 1593ರಲ್ಲಿ ಕ್ಯಾಥೊಲಿಕ್ ಆದ. ಅವನಿಗೆ ಬೇಕಿದ್ದದ್ದು ಯುದ್ಧ ನಿಲ್ಲುವುದು. ಆದರೆ ರಾಜಕೀಯ ಅಂದ ಮಾತ್ರಕ್ಕೆ ಅದನ್ನು ಕಡಿಮೆ ಮಾಡಿ ನೋಡಬೇಡಿ. ಯಾವ ಕಾರಣಕ್ಕೇ ಬರೆದಿರಲಿ, ಆ ಕಾಗದ ಇದ್ದಷ್ಟು ದಿನ ಜನ ಮಗುವಿಗೆ ದೀಕ್ಷಾಸ್ನಾನ ಮಾಡಿಸಿದರು, ಮದುವೆ ಮಾಡಿಕೊಂಡರು, ಸತ್ತವರನ್ನು ಹೂಳಿದರು. ರಾಜನ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕಿಂತ ಕಾಗದದಲ್ಲಿ ಏನಿತ್ತು ಅನ್ನುವುದು ನನಗೆ ಮುಖ್ಯ.

ಅದರಲ್ಲಿ 92 ಕಲಂಗಳಿವೆ. ಗುಟ್ಟಾಗಿ ಸೇರಿಸಿದ ಕಲಂಗಳು ಇನ್ನೂ 56. ಮೊದಲನೆಯ ಕಲಂ ಏನು ಗೊತ್ತಾ? ಹಿಂದೆ ನಡೆದ ಗಲಭೆಗಳ ನೆನಪು ಅಳಿಸಿಹೋಗಲಿ, ಅವು ನಡೆದೇ ಇಲ್ಲ ಎಂಬಂತೆ ಇರಲಿ. ಮೂವತ್ತಾರು ವರ್ಷ ಒಬ್ಬರನ್ನೊಬ್ಬರು ಕೊಂದವರು ಒಂದೇ ಬೀದಿಯಲ್ಲಿ ಬದುಕಬೇಕಾದರೆ ಹಳೆಯ ಲೆಕ್ಕ ತೆಗೆಯಬಾರದು ಎಂದು ಬರೆದವರಿಗೆ ಅರ್ಥವಾಗಿತ್ತು. ಹೆತ್ತವರ ಇಚ್ಛೆಗೆ ವಿರುದ್ಧವಾಗಿ ಮಕ್ಕಳನ್ನು ಒಯ್ದು ಮತ ಬದಲಿಸಬಾರದು ಎಂದು ಒಂದು ಕಲಂ. ಶಾಲೆಗೆ ಸೇರಿಸಿಕೊಳ್ಳುವಾಗ, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವಾಗ ಮತ ಕೇಳಬಾರದು ಎಂದು ಇನ್ನೊಂದು. ಜಗಳ ಬಂದರೆ ನ್ಯಾಯ ಹೇಳಲು ವಿಶೇಷ ನ್ಯಾಯಪೀಠಗಳು. ಕ್ಯಾಸ್ತ್ರ್‌ನಂಥ ಕಡೆ ಅರ್ಧ ನ್ಯಾಯಾಧೀಶರು ಈ ಕಡೆಯವರು, ಅರ್ಧ ಆ ಕಡೆಯವರು.

ಪಾಠ ಮಾಡುವಾಗ ನಾನು ಮೊದಲು ಓದಿಸುತ್ತಿದ್ದದ್ದು 20ನೇ ಕಲಂ. ಕ್ಯಾಥೊಲಿಕ್ ಹಬ್ಬದ ದಿನ ಪ್ರೊಟೆಸ್ಟೆಂಟರು ಅಂಗಡಿ ತೆರೆಯಬಾರದು. ಬಾಗಿಲು ಹಾಕಿಕೊಂಡು ಒಳಗೆ ಕೆಲಸ ಮಾಡಿದರೂ ಬೀದಿಯಲ್ಲಿ ಹೋಗುವವರಿಗೆ, ಅಕ್ಕಪಕ್ಕದವರಿಗೆ ಸದ್ದು ಕೇಳಬಾರದು. ಒಬ್ಬ ಕಮ್ಮಾರನನ್ನು ನೆನೆಯಿರಿ. ಅವನ ಕೆಲಸವೇ ಸದ್ದು. ಕಾನೂನು ಅವನ ಸುತ್ತಿಗೆಯವರೆಗೂ ಬಂದಿದೆ. ಇದು ಪೂರ್ತಿ ಸ್ವಾತಂತ್ರ್ಯವೂ ಅಲ್ಲ, ಪೂರ್ತಿ ದಬ್ಬಾಳಿಕೆಯೂ ಅಲ್ಲ.

ಪ್ರಶ್ನೆ: ನಾನು ವಕೀಲ. ನಾಂತ್ ರಾಜಾಜ್ಞೆಯನ್ನು ‘ಶಾಶ್ವತ, ರದ್ದು ಮಾಡಲಾಗದ್ದು’ ಎಂದು ಬರೆದಿದ್ದರಂತೆ. ಮತ್ತೆ 1685ರಲ್ಲಿ ಹದಿನಾಲ್ಕನೇ ಲೂಯಿ ಹೇಗೆ ರದ್ದು ಮಾಡಿದ?

ಉತ್ತರ: ಒಂದೇ ದಿನ ಮಾಡಲಿಲ್ಲ, ಸಾರ್. ವಕೀಲರಾದ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಬಾಡಿಗೆದಾರರನ್ನು ಬಿಡಿಸಬೇಕು, ಆದರೆ ಕರಾರು ಇದೆ ಎಂದಾಗ ಕೆಲವು ಮಾಲೀಕರು ಏನು ಮಾಡುತ್ತಾರೆ? ಕರಾರನ್ನು ಮುಟ್ಟುವುದಿಲ್ಲ. ಅದರಲ್ಲಿ ಬರೆಯದೇ ಇರುವುದನ್ನೆಲ್ಲ ಒಂದೊಂದಾಗಿ ನಿಲ್ಲಿಸುತ್ತಾರೆ. ಲೂಯಿಯ ಆಳ್ವಿಕೆಯಲ್ಲಿ ಆದದ್ದು ಅದೇ. ರಾಜಾಜ್ಞೆ ಸ್ಪಷ್ಟವಾಗಿ ಕೊಟ್ಟಿರದಿದ್ದರೆ ಅದು ನಿಷಿದ್ಧ ಎಂದು ಓದತೊಡಗಿದರು.

1662ರಲ್ಲಿ ಪ್ರೊಟೆಸ್ಟೆಂಟರ ಶವಸಂಸ್ಕಾರ ನಸುಕಿನಲ್ಲಿ ಇಲ್ಲವೇ ಮುಸ್ಸಂಜೆಯಲ್ಲಿ ಮಾತ್ರ ಆಗಬೇಕು ಎಂದರು. ಹೂಳುವ ಹಕ್ಕು ರಾಜಾಜ್ಞೆಯಲ್ಲಿತ್ತು, ಹಗಲು ಹೂಳುವ ಹಕ್ಕು ಇರಲಿಲ್ಲ ನೋಡಿ! 1680ರಲ್ಲಿ ಪ್ರೊಟೆಸ್ಟೆಂಟ್ ಹೆಂಗಸರು ಸೂಲಗಿತ್ತಿಯ ಕೆಲಸ ಮಾಡುವಂತಿಲ್ಲ ಎಂದರು. 1681ರಲ್ಲಿ ಏಳು ವರ್ಷದ ಮಗು ತಾನಾಗಿ ಕ್ಯಾಥೊಲಿಕ್ ಆಗಬಹುದು ಎಂದರು. ಅದೇ ವರ್ಷ ಪ್ರೊಟೆಸ್ಟೆಂಟರ ಮನೆಗಳಲ್ಲಿ ಕುದುರೆ ಸೈನಿಕರನ್ನು ಬಿಡಾರ ಇಳಿಸತೊಡಗಿದರು. ಮತ ಬದಲಿಸಿದರೆ ಸೈನಿಕರು ಹೊರಡುತ್ತಾರೆ, ಇಲ್ಲದಿದ್ದರೆ ಇಲ್ಲ. ಕೊನೆಗೆ 1685ರ ಅಕ್ಟೋಬರಿನಲ್ಲಿ ಲೂಯಿ ಹೇಳಿದ ಕಾರಣ ಏನೆಂದರೆ, ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರು ಈಗಾಗಲೇ ಕ್ಯಾಥೊಲಿಕ್ ಆಗಿದ್ದಾರೆ, ಇನ್ನು ಈ ರಾಜಾಜ್ಞೆ ಯಾರಿಗೆ ಬೇಕು? ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಬೋಧಕರಿಗೆ ದೇಶ ಬಿಡಲು ಹದಿನೈದು ದಿನ ಕೊಟ್ಟರು. ಉಳಿದವರು ಹೋಗುವ ಹಾಗೂ ಇಲ್ಲ. ಓಡಿಹೋಗುವಾಗ ಸಿಕ್ಕಿಬಿದ್ದ ಗಂಡಸರನ್ನು ಹಡಗಿನ ಹುಟ್ಟು ಹಾಕುವ ಶಿಕ್ಷೆಗೆ ಕಳಿಸಿದರು. ಆದರೂ ಒಂದೂವರೆಯಿಂದ ಎರಡು ಲಕ್ಷ ಜನ ತಪ್ಪಿಸಿಕೊಂಡರು. ಬ್ರಾಂಡೆನ್‌ಬರ್ಗಿನ ದೊರೆ ಫ್ರೆಡರಿಕ್ ವಿಲಿಯಂ ಕೆಲವೇ ದಿನಗಳಲ್ಲಿ ಪಾಟ್ಸ್‌ಡಾಮ್‌ನಿಂದ ಅವರನ್ನು ಕರೆಯುವ ಆಜ್ಞೆ ಹೊರಡಿಸಿದ. ಕೆಲವು ವರ್ಷ ತೆರಿಗೆ ಇಲ್ಲ, ಪ್ರಾರ್ಥನೆ ಫ್ರೆಂಚಿನಲ್ಲೇ ನಡೆಸಿಕೊಳ್ಳಿ ಎಂದ.

ಫ್ರಾನ್ಸಿನಲ್ಲೇ ಉಳಿದವರ ಗತಿ ತಿಳಿಯಬೇಕಾದರೆ ಮಾರಿ ದ್ಯುರಾಂಳನ್ನು ನೆನೆಯಬೇಕು. ಅವಳ ಅಣ್ಣ ಪ್ರೊಟೆಸ್ಟೆಂಟ್ ಬೋಧಕ. ಅವಳನ್ನು 1730ರಲ್ಲಿ ದಕ್ಷಿಣ ಫ್ರಾನ್ಸಿನ ಎಗ್ಮೋರ್ತ್ ಊರಿನ ಕಾನ್‌ಸ್ಟಾನ್ಸ್ ಗೋಪುರದಲ್ಲಿ ಸೆರೆಯಿಟ್ಟರು. ಮತ ಬಿಡುತ್ತೇನೆ ಎಂದಿದ್ದರೆ ಬಿಡುಗಡೆ ಸಿಗುತ್ತಿತ್ತು. ಅವಳು ಅನ್ನಲಿಲ್ಲ. ಹೊರಗೆ ಬಂದದ್ದು 1768ರಲ್ಲಿ, 38 ವರ್ಷ ಆದಮೇಲೆ. ಪ್ರೊಟೆಸ್ಟೆಂಟರ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರಿ ದಾಖಲೆಯಲ್ಲಿ ಬರೆಯಲು ಫ್ರಾನ್ಸ್ ಒಪ್ಪಿದ್ದು 1787ರಲ್ಲಿ. ಅಲ್ಲಿಯತನಕ ಕ್ಯಾಥೊಲಿಕ್ ಪಾದ್ರಿಯ ಮುಂದೆ ಆಗದ ಮದುವೆ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ. ಹುಟ್ಟಿದ ಮಕ್ಕಳಿಗೆ ಆಸ್ತಿಯ ಹಕ್ಕೂ ಇಲ್ಲ.

ಸಾರ್, ‘ರದ್ದು ಮಾಡಲಾಗದ್ದು’ ಎಂದು ಯಾರು ಬರೆದರು ಎಂಬುದನ್ನು ನೋಡಬೇಕು. ಬರೆದವನು ರಾಜ. ರಾಜ ಬರೆದದ್ದನ್ನು ಇನ್ನೊಬ್ಬ ರಾಜ ಅಳಿಸಿದ. ವಾರ್ಸಾ ಒಪ್ಪಂದವನ್ನು ಪಾಲಿಸುತ್ತೇನೆ ಎಂದು ರಾಜನೇ ಪ್ರಮಾಣ ಮಾಡಬೇಕಿತ್ತು. ನನಗೆ ಈ ವ್ಯತ್ಯಾಸ ತುಂಬ ದೊಡ್ಡದು.

ಪ್ರಶ್ನೆ: ಬೇರೆ ಪಂಥದವರನ್ನು ಬೈದರೆ ಶಿಕ್ಷೆ ಎಂಬ ಕಾನೂನು ಆಗ ಎಲ್ಲಾದರೂ ಇತ್ತಾ?

ಉತ್ತರ: ಇತ್ತು. ಅಮೆರಿಕದ ಮೇರಿಲ್ಯಾಂಡ್ ವಸಾಹತಿನಲ್ಲಿ, 1649ರ ಏಪ್ರಿಲಿನಲ್ಲಿ. ಬೈಗುಳಗಳ ಪಟ್ಟಿಯನ್ನೇ ಕಾನೂನಿನಲ್ಲಿ ಬರೆದಿದ್ದಾರೆ. ಯಾರನ್ನಾದರೂ ಹೀಯಾಳಿಸಲು ಪ್ಯೂರಿಟನ್, ಜೆಸ್ಯೂಟ್ ಪೋಪ್‌ಭಕ್ತ, ಲೂಥರನ್, ಕ್ಯಾಲ್ವಿನಿಸ್ಟ್, ರೌಂಡ್‌ಹೆಡ್ ಎಂದರೆ 10 ಶಿಲಿಂಗ್ ದಂಡ. ಅದರಲ್ಲಿ ಅರ್ಧ ಬೈಸಿಕೊಂಡವನಿಗೇ ಸಲ್ಲಬೇಕು! ದಂಡ ಕಟ್ಟಲಾಗದವನಿಗೆ ಎಲ್ಲರೆದುರು ಚಾಟಿಯೇಟು, ಕ್ಷಮೆ ಕೇಳುವವರೆಗೆ ಸೆರೆ. ಅದೇ ಕಾನೂನಿನಲ್ಲಿ, ಯೇಸು ದೇವಪುತ್ರನಲ್ಲ ಎಂದವನಿಗೆ ಮರಣದಂಡನೆ ಎಂದೂ ಇದೆ. ಎರಡನ್ನೂ ಒಟ್ಟಿಗೇ ಓದಬೇಕು. ಆ ಕಾಲದವರಿಗೆ ಸಹಿಷ್ಣುತೆ ಅಂದರೆ ಕ್ರೈಸ್ತರೊಳಗಿನ ವಿಷಯ.

ಪ್ರಶ್ನೆ: ಅವಕಾಶ ಕೊಟ್ಟರು ಸರಿ, ದಿನನಿತ್ಯ ಅದು ಹೇಗೆ ನಡೆಯುತ್ತಿತ್ತು? ಅವರಿಗೂ ಬೇರೆಯವರ ಥರ ಚರ್ಚು, ಗಂಟೆ ಎಲ್ಲ ಇತ್ತಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು, ಯಾಕೆಂದರೆ ನಿಜವಾದ ಕಥೆ ಇರುವುದೇ ಅಲ್ಲಿ. ಇಂಗ್ಲೆಂಡಿನ 1689ರ ಸಹಿಷ್ಣುತಾ ಕಾಯ್ದೆ ನೋಡಿ. ಅಧಿಕೃತ ಚರ್ಚಿಗೆ ಸೇರದ ಪ್ರೊಟೆಸ್ಟೆಂಟರು ತಮ್ಮದೇ ಪ್ರಾರ್ಥನಾ ಮಂದಿರ ಇಟ್ಟುಕೊಳ್ಳಬಹುದು. ಆದರೆ ಅದನ್ನು ನೋಂದಾಯಿಸಬೇಕು. ಪ್ರಾರ್ಥನೆ ನಡೆಯುವಾಗ ಬಾಗಿಲಿಗೆ ಬೀಗ, ಅಗುಳಿ, ಚಿಲಕ ಏನೂ ಹಾಕಿರಬಾರದು. ಒಳಗೆ ಸಂಚು ನಡೆಯುತ್ತಿಲ್ಲ ಎಂದು ಯಾರು ಬೇಕಾದರೂ ಬಂದು ನೋಡುವ ಹಾಗಿರಬೇಕು. ಅದೇ ಕಾಯ್ದೆ ಇನ್ನೊಂದನ್ನೂ ಹೇಳಿತು: ಒಳಗೆ ನುಗ್ಗಿ ಪ್ರಾರ್ಥನೆ ಕೆಡಿಸಿದರೆ 20 ಪೌಂಡ್ ದಂಡ. ಮೂವತ್ತು ವರ್ಷ ಕದ್ದುಮುಚ್ಚಿ ಸೇರುತ್ತಿದ್ದವರಿಗೆ, ತೆರೆದ ಬಾಗಿಲ ಹಿಂದೆ ಕೂತು ಪ್ರಾರ್ಥಿಸುವುದು ಭಯ ತಂದಿತೋ ಧೈರ್ಯ ತಂದಿತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆಣೆ ಇಡಲು ಒಪ್ಪದ ಕ್ವೇಕರರು ಎಂಬ ಪ್ರೊಟೆಸ್ಟೆಂಟ್ ಪಂಥದವರು ಆಣೆಯ ಬದಲು ಬರೀ ಹೇಳಿಕೆ ಕೊಟ್ಟರೆ ಸಾಕು ಎಂದು ಬರೆದಿದ್ದಾರೆ. ಕ್ಯಾಥೊಲಿಕರಿಗೆ ಮಾತ್ರ ಇದ್ಯಾವುದೂ ಇಲ್ಲ. ಅವರು ಪಾರ್ಲಿಮೆಂಟಿನಲ್ಲಿ ಕೂರಲು 1829 ಬರಬೇಕಾಯಿತು.

ಡಚ್ಚರ ದಾರಿ ಬೇರೆ. 1579ರ ಯುಟ್ರೆಕ್ಟ್ ಒಪ್ಪಂದದ 13ನೇ ಕಲಂ ಪ್ರಕಾರ ಮತದ ಕಾರಣಕ್ಕೆ ಯಾರನ್ನೂ ವಿಚಾರಣೆ ಮಾಡಬಾರದು. ಮನೆಯೊಳಗೆ ಏನು ನಂಬಿಕೊಂಡರೂ ಸರಿ, ಬಹಿರಂಗ ಪ್ರಾರ್ಥನೆಗೆ ಮಾತ್ರ ಕ್ಯಾಥೊಲಿಕರಿಗೆ ಅವಕಾಶವಿಲ್ಲ. ಹಾಗಾಗಿ ಆಮ್‌ಸ್ಟರ್‌ಡಾಮ್‌ನ ವ್ಯಾಪಾರಿ ಯಾನ್ ಹಾರ್ಟ್‌ಮನ್ ತನ್ನ ಮೂರು ಮನೆಗಳ ಅಟ್ಟಗಳನ್ನು ಸೇರಿಸಿ 1663ರ ಹೊತ್ತಿಗೆ ಮೇಲೆ ಚರ್ಚು ಮಾಡಿಸಿದ. ಹೊರಗಿನಿಂದ ಅದು ಕಾಲುವೆ ದಡದ ಮಾಮೂಲಿ ಮನೆ. ಅಧಿಕಾರಿಗಳಿಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಇಂಥ ಕಡೆಗಳಿಂದ ದುಡ್ಡು ತೆಗೆದುಕೊಂಡು ಕಣ್ಣುಮುಚ್ಚಿಕೊಳ್ಳುತ್ತಿದ್ದರು. ಯಹೂದಿಯರಿಗೆ ಅಲ್ಲಿ ಇದಕ್ಕಿಂತ ಸಲೀಸು. 1675ರಲ್ಲಿ ಅವರು ಅದೇ ಊರಿನಲ್ಲಿ ಎಲ್ಲರ ಕಣ್ಣೆದುರು ಭಾರಿ ಸಿನಗಾಗ್ (ಯಹೂದಿಯರ ಪ್ರಾರ್ಥನಾ ಮಂದಿರ) ಕಟ್ಟಿಕೊಂಡರು.

ಗಂಟೆಯ ವಿಷಯಕ್ಕೆ ಬಂದರೆ ಆಸ್ಟ್ರಿಯಕ್ಕೆ ಹೋಗಬೇಕು. ಎರಡನೇ ಜೋಸೆಫ್ 1781ರಲ್ಲಿ ಲೂಥರನ್, ಕ್ಯಾಲ್ವಿನ್ ಪಂಥ, ಆರ್ಥೊಡಾಕ್ಸ್‌ನವರಿಗೆ ಅವಕಾಶ ಕೊಟ್ಟ. ನೂರು ಕುಟುಂಬ ಇದ್ದರೆ ಪ್ರಾರ್ಥನಾ ಮನೆ ಕಟ್ಟಿಕೊಳ್ಳಬಹುದು. ಗೋಪುರ ಇರಬಾರದು, ಗಂಟೆ ಇರಬಾರದು, ಬೀದಿ ಕಡೆಗೆ ಬಾಗಿಲು ಇರಬಾರದು. ಇಂಗ್ಲೆಂಡಿನವರು ಬಾಗಿಲು ತೆರೆದಿಡಿ ಎಂದರೆ ಇವರು ಬಾಗಿಲು ಕಾಣಿಸಬೇಡಿ ಎಂದರು! ತಂದೆ ಕ್ಯಾಥೊಲಿಕ್, ತಾಯಿ ಪ್ರೊಟೆಸ್ಟೆಂಟ್ ಆದರೆ ಮಕ್ಕಳೆಲ್ಲ ಕ್ಯಾಥೊಲಿಕ್. ತಂದೆ ಪ್ರೊಟೆಸ್ಟೆಂಟ್ ಆದರೆ ಗಂಡುಮಕ್ಕಳು ಮಾತ್ರ ತಂದೆಯ ಕಡೆ. ಮರುವರ್ಷ ವಿಯೆನ್ನಾ ಸುತ್ತಿನ ಯಹೂದಿಯರಿಗೂ ಒಂದು ಆಜ್ಞೆ ಬಂತು. ಭಾನುವಾರ ಮಧ್ಯಾಹ್ನದವರೆಗೆ ಅವರು ಹೊರಗೆ ಕಾಣಿಸಬಾರದು ಎಂಬ ಹಳೆಯ ನಿಯಮ ಆಗ ಹೋಯಿತು. ಸಾರ್ವಜನಿಕ ಸಿನಗಾಗ್ ಮಾತ್ರ ಕೂಡದು ಎಂದರು.

ಒಂದೇ ಚರ್ಚನ್ನು ಹಂಚಿಕೊಂಡವರೂ ಇದ್ದಾರೆ. ಜರ್ಮನಿಯ ಬೌಟ್ಸನ್ ಊರಿನ ಸಂತ ಪೀಟರ್ ಚರ್ಚಿನಲ್ಲಿ 16ನೇ ಶತಮಾನದಿಂದ ಇವತ್ತಿನವರೆಗೂ ಒಂದು ಭಾಗ ಕ್ಯಾಥೊಲಿಕರದ್ದು, ಇನ್ನೊಂದು ಭಾಗ ಲೂಥರನ್ನರದ್ದು. ನಡುವೆ ಕಟಾಂಜನ. ಹಿಂದೆ ಅದು ಆಳಿಗಿಂತ ಎತ್ತರ ಇತ್ತು, ಈಗ ಸೊಂಟದವರೆಗೆ ಇದೆ.

ಪ್ರಶ್ನೆ: ಎಲ್ಲ ರಾಜರು, ಸರದಾರರ ಮಾತೇ ಆಯಿತು. ಸಾಮಾನ್ಯ ಜನ ಬೇರೆ ಮತದವರ ಪರವಾಗಿ ಎದ್ದು ನಿಂತದ್ದು ಇಲ್ಲವೇ?

ಉತ್ತರ: ಇದೆ, ಮತ್ತು ಅದನ್ನು ಹೇಳದೆ ನಾನು ಈ ಅಂಕಣ ಮುಗಿಸುತ್ತಿರಲಿಲ್ಲ. ಇವತ್ತು ನ್ಯೂಯಾರ್ಕ್ ಇರುವ ಜಾಗ ಆಗ ಡಚ್ಚರ ವಸಾಹತು. ಪೀಟರ್ ಸ್ಟೈವೆಸೆಂಟ್ ಅಲ್ಲಿನ ಅಧಿಕಾರಿ. ಕ್ವೇಕರರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಒಬ್ಬ ಕ್ವೇಕರನಿಗೆ ಒಂದು ರಾತ್ರಿ ಮಲಗಲು ಜಾಗ ಕೊಟ್ಟರೂ ದಂಡ ಎಂದು ಆಜ್ಞೆ ಮಾಡಿದ. 1657ರ ಡಿಸೆಂಬರ್ 27ರಂದು ಫ್ಲಶಿಂಗ್ ಎಂಬ ಸಣ್ಣ ಊರಿನ ಮೂವತ್ತು ಜನ ಸೇರಿ ಅವನಿಗೆ ಪತ್ರ ಬರೆದರು. ಅವರು ಕ್ವೇಕರರಲ್ಲ. ಪ್ರೀತಿಯಿಂದ ನಮ್ಮ ಬಳಿ ಬಂದವರ ಮೇಲೆ ನಾವು ಕೈ ಮಾಡಲಾರೆವು, ನಮ್ಮ ಊರಿಗೂ ಮನೆಗಳಿಗೂ ಅವರು ಬಂದುಹೋಗಲಿ ಎಂದರು. ಆ ಪ್ರೀತಿ ಯಹೂದಿಗಳಿಗೂ ತುರ್ಕರಿಗೂ (ಅಂದರೆ ಮುಸ್ಲಿಮರಿಗೂ) ಸಲ್ಲುತ್ತದೆ ಎಂದೂ ಸೇರಿಸಿದರು. ಸಹಿ ಮಾಡಲು ಬಾರದವರು ಗುರುತು ಹಾಕಿದರು. ಸ್ಟೈವೆಸೆಂಟ್ ಅದನ್ನು ತಂದುಕೊಟ್ಟ ಅಧಿಕಾರಿ ಟೋಬಿಯಾಸ್ ಫೀಕ್‌ನನ್ನೂ, ಬರೆದ ಗುಮಾಸ್ತ ಎಡ್ವರ್ಡ್ ಹಾರ್ಟ್‌ನನ್ನೂ ಬಂಧಿಸಿದ.

ಐದು ವರ್ಷದ ಮೇಲೆ ಅದೇ ಊರಿನ ಜಾನ್ ಬೌನ್ ತನ್ನ ಮನೆಯಲ್ಲಿ ಕ್ವೇಕರರಿಗೆ ಪ್ರಾರ್ಥನೆ ಮಾಡಲು ಬಿಟ್ಟ. ಅವನನ್ನು ಹಿಡಿದು ಹಡಗು ಹತ್ತಿಸಿ ಹಾಲೆಂಡಿಗೆ ಅಟ್ಟಿದರು. ಅವನು ಅಲ್ಲಿ ವಸಾಹತಿನ ಒಡೆತನ ಇದ್ದ ಕಂಪನಿಯ ಮುಂದೆ ನಿಂತು ತನ್ನ ವಾದ ಹೇಳಿಕೊಂಡ. ಜನರ ಮನಸ್ಸಾಕ್ಷಿಯ ತಂಟೆಗೆ ಹೋಗಬೇಡ, ಸುಮ್ಮನೆ ಇರುವವರನ್ನು ಸುಮ್ಮನೆ ಇರಲು ಬಿಡು ಎಂದು ಕಂಪನಿ 1663ರಲ್ಲಿ ಸ್ಟೈವೆಸೆಂಟ್‌ಗೆ ಬರೆಯಿತು. ಬೌನ್ ಮನೆಗೆ ಮರಳಿದ. ಆ ಮನೆ ಈಗಲೂ ಕ್ವೀನ್ಸ್‌ನಲ್ಲಿದೆ.

1664ರಲ್ಲಿ ಇಂಗ್ಲಿಷರ ಹಡಗುಗಳು ಬಂದಾಗ ಸ್ಟೈವೆಸೆಂಟ್ ವಸಾಹತನ್ನು ಬಿಟ್ಟುಕೊಡಬೇಕಾಯಿತು. ಶರಣಾಗತಿಯ ಕಾಗದದಲ್ಲಿ 8ನೇ ಕಲಂ ಹೀಗಿದೆ: ಇಲ್ಲಿನ ಡಚ್ಚರಿಗೆ ಅವರ ಪ್ರಾರ್ಥನೆಯಲ್ಲೂ ಚರ್ಚಿನ ಶಿಸ್ತಿನಲ್ಲೂ ಮನಸ್ಸಾಕ್ಷಿಯ ಸ್ವಾತಂತ್ರ್ಯ ಇರುತ್ತದೆ.